ಇಪ್ಪತ್ನಾಲ್ಕು ಸೆಕೆಂಡ್ ಕೊಟ್ಟ ಊರು

ನಮ್ಮ ಟೆಕ್ ಪಾರ್ಕಿನ ಫುಡ್ ಕೋರ್ಟ್ ಹಿಂದೆ ಅರ್ಧ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಒಂದಿದೆ. ಸಂಜೆ ಆರರ ಮೇಲೆ ಹುಡುಗರು ಐಡಿ ಕಾರ್ಡನ್ನ ಜೇಬಿಗೆ ತುರುಕಿಕೊಂಡು ಆಡ್ತಿರ್ತಾರೆ. ನಾನು ಆಡೋದು ಕಮ್ಮಿ, ಪಕ್ಕದ ಕಟ್ಟೆ ಮೇಲೆ ಕೂತು ಟೀ ಕುಡಿಯೋದು ಜಾಸ್ತಿ. ಮೊನ್ನೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಫಿಲಡೆಲ್ಫಿಯಾ ಸೆವೆಂಟಿ ಸಿಕ್ಸರ್ಸ್ ತಂಡದ ಜೆರ್ಸಿ ಹಾಕಿಕೊಂಡು ಬಂದಿದ್ದ.

"ಇದು ಯಾವೂರಿನ ಟೀಮು ಗೊತ್ತಾ?" ಅಂದೆ.

"ಏನಣ್ಣ, ಫಿಲಡೆಲ್ಫಿಯಾ ಅಂತ ಹೆಸರಲ್ಲೇ ಇದ್ಯಲ್ಲ" ಅಂದ.

ಹೆಸರಲ್ಲಿರೋದು ಗಂಡನ ಮನೆ ಕಣಪ್ಪ, ತವರುಮನೆ ಬೇರೆ ಇದೆ ಅಂತ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವನನ್ನ ಆಟಕ್ಕೆ ಕರೆದರು, ಓಡಿಹೋದ. ಅವತ್ತು ಹೇಳದೆ ಉಳಿದಿದ್ದನ್ನ ಇಲ್ಲಿ ಬರೀತಿದೀನಿ.

ಆ ತವರಿನ ಹೆಸರು ಸಿರಾಕ್ಯೂಸ್. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲೇ ಇದೆ, ಆದರೆ ನ್ಯೂಯಾರ್ಕ್ ನಗರದಿಂದ ಸುಮಾರು ನಾನೂರು ಕಿಲೋಮೀಟರ್ ದೂರ. ಒಂದು ಕಾಲಕ್ಕೆ ಉಪ್ಪು ತಯಾರಿಸಿ ಬದುಕಿದ ಊರು, ಹಾಗಾಗಿ 'ಉಪ್ಪಿನ ನಗರ' ಅನ್ನೋ ಅಡ್ಡಹೆಸರು ಇವತ್ತಿಗೂ ಇದೆ. ಚಳಿಗಾಲದಲ್ಲಿ ವಿಪರೀತ ಹಿಮ ಬೀಳುತ್ತೆ. ನಮ್ಮ ಆಫೀಸುಗಳ ಎಸಿ ಮೇಲೆ ಕಾಣಿಸೋ ಕ್ಯಾರಿಯರ್ ಕಂಪನಿ 1937ರಲ್ಲಿ ತನ್ನ ಕಾರ್ಖಾನೆಯನ್ನ ತಂದು ಹೂಡಿದ್ದು ಇದೇ ಊರಲ್ಲಿ. 1950ರಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 2.2 ಲಕ್ಷ. ಇವತ್ತಿನ ಮಂಡ್ಯಕ್ಕಿಂತ ದೊಡ್ಡದು, ದಾವಣಗೆರೆಗಿಂತ ಚಿಕ್ಕದು ಅಂತ ಇಟ್ಕೊಳ್ಳಿ.

ಇಂಥ ಊರಿಗೆ ಹದಿನಾಲ್ಕು ವರ್ಷ ಒಂದು ಎನ್‌ಬಿಎ ತಂಡ ಇತ್ತು. ಹೆಸರು ಸಿರಾಕ್ಯೂಸ್ ನ್ಯಾಷನಲ್ಸ್. ಆ ತಂಡ ಒಮ್ಮೆ ಚಾಂಪಿಯನ್ ಆಯಿತು. ಅದಕ್ಕಿಂತ ದೊಡ್ಡ ವಿಷಯ ಏನಂದ್ರೆ, ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆದರೂ ಬುಟ್ಟಿಯ ಮೇಲೆ 24ರಿಂದ ಇಳಿಯುವ ಕೆಂಪು ಅಂಕಿ ಇರುತ್ತಲ್ಲ, ಅದು ಆ ಊರು ಕೊಟ್ಟಿದ್ದು. ಆ ಅಂಕಿ ಲೀಗನ್ನ ಉಳಿಸಿತು. ಉಳಿದು ಬೆಳೆದ ಲೀಗಿಗೆ ಆ ಊರು ಸಾಲದಾಯಿತು.

ತಂಡದ ಮಾಲೀಕ ಡ್ಯಾನಿ ಬಿಯಾಸೋನ್. ಇಟಲಿಯ ಮಿಗ್ಲಿಯಾನಿಕೋ ಅನ್ನೋ ಹಳ್ಳಿಯಲ್ಲಿ 1909ರಲ್ಲಿ ಹುಟ್ಟಿ, ಚಿಕ್ಕ ಹುಡುಗನಾಗಿದ್ದಾಗಲೇ ಮನೆಯವರ ಜೊತೆ ಅಮೆರಿಕಕ್ಕೆ ಬಂದವನು. ದೊಡ್ಡ ಕಾರ್ಖಾನೆ ಮಾಲೀಕನೂ ಅಲ್ಲ, ಬ್ಯಾಂಕರೂ ಅಲ್ಲ. ಸಿರಾಕ್ಯೂಸಿನ ಈಸ್ಟ್‌ವುಡ್ ಬಡಾವಣೆಯಲ್ಲಿ ಬೌಲಿಂಗ್ ಸೆಂಟರ್ ಇಟ್ಟುಕೊಂಡಿದ್ದ. ಈಗ ನಮ್ಮ ಮಾಲ್‌ಗಳಲ್ಲಿ ಟೀಮ್ ಔಟಿಂಗ್‌ಗೆ ಹೋದಾಗ ಭಾರದ ಚೆಂಡನ್ನ ಉರುಳಿಸಿ ಹತ್ತು ಪಿನ್ ಬೀಳಿಸ್ತೀವಲ್ಲ, ಅದೇ. ಅವನ ಬಗ್ಗೆ ಹೇಳುವ ಕಥೆ ಹೀಗಿದೆ: ಪಕ್ಕದ ರಾಚೆಸ್ಟರ್ ನಗರದ ರಾಯಲ್ಸ್ ತಂಡವನ್ನ ತನ್ನೂರಿಗೆ ಒಂದು ಪ್ರದರ್ಶನ ಪಂದ್ಯಕ್ಕೆ ಕರೆದ. ಅವರು ಕೈಕೊಟ್ಟರು. ಸಿಟ್ಟಿಗೆದ್ದ ಬಿಯಾಸೋನ್, ಹೋಗ್ಲಿ ಬಿಡಿ ಅಂತ 1946ರಲ್ಲಿ ತಾನೇ ಒಂದು ತಂಡ ಕಟ್ಟಿಬಿಟ್ಟ. ನಮ್ಮ ಕಡೆ ಪಕ್ಕದೂರಿನವರು ನಾಟಕಕ್ಕೆ ಸೀನರಿ ಕೊಡಲಿಲ್ಲ ಅಂತ ಊರೇ ಸೇರಿ ಹೊಸ ಸೀನರಿ ಕೊಂಡ ಹಾಗೆ.

ಆ ಕಾಲದಲ್ಲಿ ಅಲ್ಲಿ ಎರಡು ಲೀಗ್ ಇದ್ದವು. ಒಂದು 1937ರಲ್ಲಿ ಶುರುವಾದ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್. ಇದು ಕಾರ್ಖಾನೆ ಊರುಗಳ ಲೀಗು. ಟೈರ್ ಮಾಡುವ ಗುಡ್‌ಇಯರ್, ಫೈರ್‌ಸ್ಟೋನ್ ಕಂಪನಿಗಳ ತಂಡಗಳೂ ಇದರಲ್ಲಿ ಆಡಿದ್ದವು. ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಊರಲ್ಲಿ ಫ್ರೆಡ್ ಜೋಲ್ನರ್ ಅನ್ನೋನು ಇಂಜಿನ್ ಪಿಸ್ಟನ್ ಮಾಡುವ ಕಾರ್ಖಾನೆ ನಡೆಸ್ತಿದ್ದ, ಅವನ ತಂಡದ ಹೆಸರೇ ಪಿಸ್ಟನ್ಸ್. ಬಿಯಾಸೋನ್ ಸೇರಿದ್ದು ಈ ಲೀಗಿಗೆ. ಇನ್ನೊಂದು 1946ರಲ್ಲಿ ಹುಟ್ಟಿದ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ. ನ್ಯೂಯಾರ್ಕ್, ಬಾಸ್ಟನ್, ಷಿಕಾಗೊ ತರದ ಮಹಾನಗರಗಳಲ್ಲಿ ಐಸ್ ಹಾಕಿ ಆಡಿಸುವ ದೊಡ್ಡ ದೊಡ್ಡ ಸಭಾಂಗಣಗಳ ಮಾಲೀಕರು, ಹಾಕಿ ಇಲ್ಲದ ದಿನ ಕಟ್ಟಡ ಖಾಲಿ ಬಿದ್ದಿರುತ್ತಲ್ಲ ಅಂತ ಕಟ್ಟಿದ ಲೀಗು. ಒಳ್ಳೆ ಕಟ್ಟಡ ಇವರ ಹತ್ತಿರ, ಒಳ್ಳೆ ಆಟಗಾರರು ಅವರ ಹತ್ತಿರ.

ಸಿರಾಕ್ಯೂಸಿಗೆ ಸಿಕ್ಕ ದೊಡ್ಡ ಆಟಗಾರ ಡಾಲ್ಫ್ ಶೇಯ್ಸ್. ಹುಟ್ಟಿ ಬೆಳೆದದ್ದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ, ಓದಿದ್ದು ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ. 1948ರಲ್ಲಿ ಓದು ಮುಗಿಸಿದಾಗ ಮನೆ ಬಾಗಿಲಲ್ಲೇ ನ್ಯೂಯಾರ್ಕ್ ನಿಕ್ಸ್ ತಂಡ ಇತ್ತು. ಆದರೆ ಬೌಲಿಂಗ್ ಸೆಂಟರಿನ ಮಾಲೀಕ ನಿಕ್ಸ್‌ಗಿಂತ ಜಾಸ್ತಿ ಸಂಬಳ ಕೊಡ್ತೀನಿ ಅಂದ. ಮಹಾನಗರದ ಹುಡುಗ ಹಿಮದ ಊರಿಗೆ ಬಂದ. ಆಮೇಲೆ ತನ್ನ ಇಡೀ ವೃತ್ತಿಜೀವನವನ್ನ ಅದೇ ತಂಡಕ್ಕೆ ಕೊಟ್ಟ. ಒಮ್ಮೆ ಬಲಗೈ ಮಣಿಕಟ್ಟು ಮುರಿದಾಗ ಪ್ಲಾಸ್ಟರ್ ಹಾಕಿಸಿಕೊಂಡೇ ಆಡಿದ, ಆ ನೆಪದಲ್ಲಿ ಎಡಗೈಯಲ್ಲಿ ಹಾಕೋದನ್ನೂ ಕಲಿತ. 1952ರಿಂದ 1961ರವರೆಗೆ ಒಂದೂ ತಪ್ಪಿಸದೆ ಸತತ 706 ಪಂದ್ಯ ಆಡಿದ. ಬ್ರಾಂಕ್ಸ್‌ನಿಂದ ಸಿರಾಕ್ಯೂಸಿಗೆ ಹೋಗೋದು ಅಂದ್ರೆ ಬೆಂಗಳೂರಲ್ಲಿ ಬೆಳೆದವನೊಬ್ಬ ಹೆಚ್ಚು ಸಂಬಳಕ್ಕೆ ನಮ್ಮ ಜಿಲ್ಲಾ ಕೇಂದ್ರಕ್ಕೆ ಬಂದ ಹಾಗೆ. ಈಗ ಕೇಳೋಕೇ ತಮಾಷೆ ಅನ್ಸುತ್ತೆ, ಅಲ್ವಾ?

1949ರ ಆಗಸ್ಟ್‌ನಲ್ಲಿ ಎರಡೂ ಲೀಗ್ ಕೂಡಿ ಎನ್‌ಬಿಎ ಆಯಿತು. ಮೊದಲ ಸೀಸನ್ನಿನಲ್ಲಿ ಹದಿನೇಳು ತಂಡ. ನ್ಯೂಯಾರ್ಕ್ ಪಕ್ಕದಲ್ಲಿ ಶೆಬಾಯ್ಗನ್, ಬಾಸ್ಟನ್ ಪಕ್ಕದಲ್ಲಿ ವಾಟರ್‌ಲೂ, ಷಿಕಾಗೊ ಪಕ್ಕದಲ್ಲಿ ಆಂಡರ್ಸನ್. ಶೆಬಾಯ್ಗನ್ ಅಂದ್ರೆ ಮಿಷಿಗನ್ ಸರೋವರದ ದಡದಲ್ಲಿ ಆಗ ಸುಮಾರು 42 ಸಾವಿರ ಜನ ಇದ್ದ ಪಟ್ಟಣ. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು! ಒಂದೇ ವರ್ಷ. ಸೀಸನ್ ಮುಗಿಯೋ ಹೊತ್ತಿಗೆ ಶೆಬಾಯ್ಗನ್, ವಾಟರ್‌ಲೂ, ಆಂಡರ್ಸನ್ ಮೂರೂ ಹೊರಗೆ. ಆ ವರ್ಷ ಸಿರಾಕ್ಯೂಸ್ ಮಾತ್ರ 51 ಪಂದ್ಯ ಗೆದ್ದು 13 ಸೋತು, ಫೈನಲ್‌ವರೆಗೆ ಹೋಗಿ ಮಿನಿಯಾಪೊಲಿಸ್ ಲೇಕರ್ಸ್ ಕೈಲಿ ಸೋತಿತು. ಗೆಲ್ಲುತ್ತಿದ್ದುದರಿಂದ ಉಳಿಯಿತು.

ಸಿರಾಕ್ಯೂಸಿನ ಪ್ರೇಕ್ಷಕರ ಬಗ್ಗೆಯೂ ಒಂದು ಮಾತು ಹೇಳಬೇಕು. ಸಣ್ಣ ಊರಿನವರು ಅಂತ ಸಾಧುಗಳು ಅಂದ್ಕೋಬೇಡಿ. ಹೊರಗಿನ ತಂಡಗಳಿಗೆ ಅಲ್ಲಿ ಆಡೋದು ಅಂದ್ರೆ ನಡುಕ. ಎದುರಾಳಿ ಫ್ರೀ ಥ್ರೋ ಹಾಕುವಾಗ ಬುಟ್ಟಿಯ ಹಲಗೆಯನ್ನ ಹಿಡಿದಿದ್ದ ತಂತಿಗಳನ್ನ ಹಿಡಿದು ಅಲ್ಲಾಡಿಸುತ್ತಿದ್ದರಂತೆ. ಪಕ್ಕಾ ನಮ್ಮ ಹಬ್ಬದ ಕಬಡ್ಡಿಯ ಜನ.

ಕಬಡ್ಡಿ ಅಂದೆನಲ್ಲ, ಮುಂದಿನ ವಿಷಯ ಅರ್ಥ ಆಗೋಕೆ ಅದೇ ಬೇಕು. ನಾನು ಚಿಕ್ಕವನಿದ್ದಾಗ ನಮ್ಮೂರ ಹಬ್ಬದಲ್ಲಿ ಕಬಡ್ಡಿ ಪಂದ್ಯ ನಡೀತಿತ್ತು. ಎರಡು ಪಾಯಿಂಟ್ ಮುಂದಿರೋ ತಂಡದವನು ರೈಡ್‌ಗೆ ಬಂದ್ರೆ ಗೆರೆ ದಾಟಿ, ಆ ಕಡೆ ಎರಡು ಹೆಜ್ಜೆ, ಈ ಕಡೆ ಎರಡು ಹೆಜ್ಜೆ ಹಾಕಿ, ಯಾರನ್ನೂ ಮುಟ್ಟದೆ ವಾಪಸ್ ಹೋಗಿಬಿಡೋನು. ಮತ್ತೆ ಇನ್ನೊಬ್ಬ, ಅದೇ ನಾಟಕ. ಸುತ್ತ ನಿಂತ ಜನ ಬೈಯೋರು, ಕೆಲವರು ಟವೆಲ್ ಎಸೆಯೋರು. ಆದರೆ ಅವನು ಯಾವ ನಿಯಮವನ್ನೂ ಮುರಿದಿಲ್ಲ. ಗೆಲ್ಲೋಕೆ ಅದೇ ಸರಿಯಾದ ದಾರಿ. ತಪ್ಪು ಆಟಗಾರನದಲ್ಲ, ನಿಯಮದ್ದು. ಈಗ ಪ್ರೊ ಕಬಡ್ಡಿಯಲ್ಲಿ ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದು 'ಡೂ ಆರ್ ಡೈ' ಅಂತ ಮಾಡಿದಾರಲ್ಲ, ಅದು ಈ ಕಾಯಿಲೆಗೆ ಮದ್ದು.

1950ರ ಸುಮಾರಿಗೆ ಎನ್‌ಬಿಎಗೆ ಇದೇ ಕಾಯಿಲೆ ಜೋರಾಗಿ ಬಂದಿತ್ತು. ಚೆಂಡು ಕೈಗೆ ಬಂದ ಮೇಲೆ ಇಷ್ಟೇ ಹೊತ್ತಲ್ಲಿ ಬುಟ್ಟಿಗೆ ಎಸೆಯಬೇಕು ಅನ್ನೋ ನಿಯಮವೇ ಇರಲಿಲ್ಲ. ಮುಂದಿರೋ ತಂಡ ಚೆಂಡನ್ನ ಒಬ್ಬ ಚುರುಕು ಹುಡುಗನ ಕೈಗೆ ಕೊಟ್ಟು 'ಪುಟಿಸಿಕೊಂಡಿರಪ್ಪ' ಅಂತ ಬಿಟ್ಟುಬಿಡೋದು. ಹಿಂದಿರೋ ತಂಡಕ್ಕೆ ಚೆಂಡು ಬೇಕಂದ್ರೆ ಅವನ ಮೇಲೆ ಬೀಳಬೇಕು, ಅಂದ್ರೆ ಫೌಲ್. ಫೌಲ್ ಆದ್ರೆ ಫ್ರೀ ಥ್ರೋ. ಹೀಗೆ ಆಟ ಅನ್ನೋದು ಫ್ರೀ ಥ್ರೋಗಳ ಮೆರವಣಿಗೆ ಆಯ್ತು.

ಎರಡು ಪಂದ್ಯ ನೋಡಿ. 1950ರ ನವೆಂಬರ್ 22ರಂದು ಫೋರ್ಟ್ ವೇಯ್ನ್ ಪಿಸ್ಟನ್ಸ್, ಲೇಕರ್ಸ್ ತಂಡವನ್ನ ಅವರೂರಲ್ಲೇ ಸೋಲಿಸಿತು. ಸ್ಕೋರ್ ಎಷ್ಟು? 19–18. ಇದು ಕಾಲುಭಾಗದ್ದಲ್ಲ, ಇಡೀ 48 ನಿಮಿಷದ ಸ್ಕೋರು! ಲೇಕರ್ಸ್‌ನ ದೈತ್ಯ ಜಾರ್ಜ್ ಮೈಕನ್ ಕೈಗೆ ಚೆಂಡು ಸಿಗಬಾರದು ಅಂತ ಪಿಸ್ಟನ್ಸ್ ಚೆಂಡನ್ನ ಹಿಡಿದುಕೊಂಡೇ ನಿಂತಿತು. ಕೊನೆಯ ಹನ್ನೆರಡು ನಿಮಿಷದಲ್ಲಿ ಎರಡೂ ತಂಡ ಸೇರಿ ಗಳಿಸಿದ್ದು ನಾಲ್ಕೇ ಅಂಕ. ದುಡ್ಡು ಕೊಟ್ಟು ಬಂದ ಜನ ಪಂದ್ಯ ನಡೀತಿದ್ದಾಗಲೇ ಬೊಬ್ಬೆ ಹೊಡೆದರು. ಎರಡನೆಯದು 1953ರ ಮಾರ್ಚ್ 21ರದ್ದು, ಬಾಸ್ಟನ್ ಮತ್ತು ನಮ್ಮ ಸಿರಾಕ್ಯೂಸ್ ನಡುವಿನ ಪ್ಲೇ ಆಫ್ ಪಂದ್ಯ. ನಾಲ್ಕು ಓವರ್‌ಟೈಮ್‌ವರೆಗೆ ಹೋಯ್ತು, ಬಾಸ್ಟನ್ ಗೆದ್ದಿತು. ಬಾಸ್ಟನ್ನಿನ ಬಾಬ್ ಕೂಸಿ ಒಬ್ಬನೇ 50 ಅಂಕ ಹೊಡೆದ. ಅದರಲ್ಲಿ 30 ಬರೀ ಫ್ರೀ ಥ್ರೋಗಳಿಂದ. ಆ ಪಂದ್ಯದಲ್ಲಿ ಆದ ಫೌಲುಗಳು ನೂರಕ್ಕೂ ಹೆಚ್ಚು.

ಇದೇ ಹೊತ್ತಿಗೆ ಟಿವಿ ಮನೆಮನೆಗೆ ಬರ್ತಾ ಇತ್ತು. ನಿಂತ ನೀರಿನಂಥ ಆಟವನ್ನ ಯಾವ ಟಿವಿಯವರು ತೋರಿಸ್ತಾರೆ? ಲೀಗಿನ ತಂಡಗಳು ಒಂದೊಂದೇ ಉದುರಿ 1954ರ ಹೊತ್ತಿಗೆ ಒಂಬತ್ತಕ್ಕೆ ಬಂದಿದ್ದವು.

ಬಿಯಾಸೋನ್ ಇದಕ್ಕೆ ಮದ್ದು ಹುಡುಕುತ್ತಾ ಇದ್ದ. ಅವನ ವಾದ ಸರಳ. ಬೇಸ್‌ಬಾಲ್‌ನಲ್ಲಿ ಮೂರು ಔಟ್ ಆದ್ರೆ ಸರದಿ ಮುಗೀತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ನಮ್ಮ ಆಟದಲ್ಲಿ ಮಾತ್ರ ಒಬ್ಬನೇ ಎಷ್ಟು ಹೊತ್ತು ಬೇಕಾದರೂ ಚೆಂಡು ಇಟ್ಟುಕೊಳ್ಳಬಹುದು. ಇದಕ್ಕೊಂದು ಮಿತಿ ಬೇಕು. ಸರಿ, ಎಷ್ಟು ಮಿತಿ?

ಇಲ್ಲಿದೆ ನನಗೆ ತುಂಬಾ ಇಷ್ಟವಾದ ಲೆಕ್ಕ. ನೋಡೋಕೆ ಖುಷಿ ಕೊಟ್ಟ ಪಂದ್ಯಗಳ ಸ್ಕೋರ್ ಶೀಟ್ ತೆಗೆದು ನೋಡಿದರು. ಅಂಥ ಪಂದ್ಯಗಳಲ್ಲಿ ಒಂದೊಂದು ತಂಡ ಸುಮಾರು 60 ಸಲ ಬುಟ್ಟಿಗೆ ಎಸೆದಿತ್ತು. ಎರಡೂ ತಂಡ ಸೇರಿ 120. ಪಂದ್ಯ 48 ನಿಮಿಷ, ಅಂದ್ರೆ 2,880 ಸೆಕೆಂಡ್. 2,880ನ್ನ 120ರಿಂದ ಭಾಗಿಸಿ. 24. ಮುಗೀತು.

ಐದನೇ ಕ್ಲಾಸಿನ ಹುಡುಗನೂ ಮಾಡಬಹುದಾದ ಭಾಗಾಕಾರ. ಆದರೆ ಈ ಲೆಕ್ಕದ ಜಾಣತನ ಭಾಗಾಕಾರದಲ್ಲಿಲ್ಲ, ಏನನ್ನ ಅಳೆಯಬೇಕು ಅಂತ ಆರಿಸಿಕೊಂಡದ್ದರಲ್ಲಿದೆ. ಕೆಟ್ಟ ಪಂದ್ಯ ಎಷ್ಟು ಕೆಟ್ಟದಾಗಿತ್ತು ಅಂತ ಅವರು ಅಳೆಯಲಿಲ್ಲ. ಒಳ್ಳೆ ಪಂದ್ಯ ಹೇಗಿತ್ತು ಅಂತ ನೋಡಿ, ಅದೇ ವೇಗವನ್ನ ನಿಯಮ ಮಾಡಿದರು. ನಾವು ವಾರಗಟ್ಟಲೆ ಡ್ಯಾಶ್‌ಬೋರ್ಡ್ ಕಟ್ಟಿ, ಹತ್ತು ಮೀಟಿಂಗ್ ಮಾಡಿ, ಕೊನೆಗೆ ಬಳಕೆದಾರನಿಗೆ ಏನು ಇಷ್ಟ ಅನ್ನೋದನ್ನೇ ಕೇಳೋಕೆ ಮರೆತಿರ್ತೀವಿ.

ಈ ಲೆಕ್ಕ ಹಾಕಿದ್ದು ಯಾರು ಅನ್ನೋದರ ಮೇಲೆ ತಕರಾರಿದೆ. ಬಹಳ ಕಾಲ ಹೆಸರು ಬಂದಿದ್ದು ಬಿಯಾಸೋನ್‌ಗೆ. ಆದರೆ ತಂಡದ ಜನರಲ್ ಮ್ಯಾನೇಜರ್ ಆಗಿದ್ದ ಲಿಯೋ ಫೆರಿಸ್ ಈ ಭಾಗಾಕಾರ ಮಾಡಿದವನು ಅಂತ ಹೇಳುವವರಿದ್ದಾರೆ. ಫೆರಿಸ್ ಮುಂದೆ ಬ್ಯಾಸ್ಕೆಟ್‌ಬಾಲನ್ನೇ ಬಿಟ್ಟುಹೋದ, ಅವನ ಹೆಸರೂ ಜನರ ನೆನಪಿಂದ ಜಾರಿತು. ಗಿಟ್ ಬ್ಲೇಮ್ ಇಲ್ಲದ ಕಾಲ ನೋಡಿ. ಕಂಪನಿ ಬಿಟ್ಟವನ ಹೆಸರಿನ ಗತಿ ಈಗಲೂ ಬಹುಪಾಲು ಅದೇ ಅನ್ನೋದು ಬೇರೆ ಮಾತು.

1954ರ ಆಗಸ್ಟ್‌ನಲ್ಲಿ ಬಿಯಾಸೋನ್ ಬೇರೆ ತಂಡಗಳ ಮಾಲೀಕರನ್ನ ಸಿರಾಕ್ಯೂಸಿಗೆ ಕರೆಸಿದ. ಅಲ್ಲಿನ ಒಂದು ವೃತ್ತಿಶಿಕ್ಷಣ ಹೈಸ್ಕೂಲಿನ ಜಿಮ್‌ನಲ್ಲಿ ಡೆಮೊ. ಆಟಗಾರರು ಗಡಿಯಾರ ನೋಡಿ ಗಾಬರಿಯಾಗಿ ಚೆಂಡು ಸಿಕ್ಕಿದ್ದೇ ತಡ ಎಸೆಯೋಕೆ ಶುರು ಮಾಡಿದರಂತೆ. ನಿಧಾನ, 24 ಸೆಕೆಂಡ್ ಅಂದ್ರೆ ಬೇಕಾದಷ್ಟು ಹೊತ್ತು ಅಂತ ಅವರಿಗೆ ಸಮಾಧಾನ ಹೇಳಬೇಕಾಯಿತು. ಮಾಲೀಕರು ಒಪ್ಪಿದರು. ಜೊತೆಗೆ ಇನ್ನೊಂದು ತಿದ್ದುಪಡಿಯನ್ನೂ ಸೇರಿಸಿದರು: ಒಂದು ಕ್ವಾರ್ಟರ್‌ನಲ್ಲಿ ಒಂದು ತಂಡಕ್ಕೆ ಆರು ಫೌಲ್, ಅದಕ್ಕಿಂತ ಹೆಚ್ಚಾದರೆ ಎದುರಾಳಿಗೆ ಹೆಚ್ಚುವರಿ ಫ್ರೀ ಥ್ರೋ. ಇದಿಲ್ಲದಿದ್ದರೆ ಗಡಿಯಾರ ಇದ್ದರೂ ಫೌಲ್ ಮಾಡಿ ಮಾಡಿ ಆಟ ನಿಲ್ಲಿಸಬಹುದಿತ್ತು. ಒಂದು ಬಗ್ ಮುಚ್ಚಿದರೆ ಪಕ್ಕದ್ದು ಬಾಯಿ ತೆರೆಯುತ್ತೆ ಅಂತ ಅವರಿಗೆ ಗೊತ್ತಿತ್ತು.

1954ರ ಅಕ್ಟೋಬರ್ 30ರಂದು ರಾಚೆಸ್ಟರ್ ಮತ್ತು ಬಾಸ್ಟನ್ ನಡುವೆ ಶಾಟ್ ಕ್ಲಾಕ್ ಇಟ್ಟು ಮೊದಲ ಪಂದ್ಯ ನಡೆಯಿತು. ಹಿಂದಿನ ವರ್ಷ ಒಂದು ತಂಡ ಒಂದು ಪಂದ್ಯಕ್ಕೆ ಸರಾಸರಿ 79.5 ಅಂಕ ಗಳಿಸುತ್ತಿತ್ತು. ಆ ಒಂದೇ ಸೀಸನ್ನಿನಲ್ಲಿ ಅದು 93.1ಕ್ಕೆ ಏರಿತು. ಅಂಥ ಬದಲಾವಣೆ ತಂದಿದ್ದು ಒಂದು ಭಾಗಾಕಾರ.

ಇನ್ನು ಆ ಸೀಸನ್ನಿನ ಫೈನಲ್. ಸಿನಿಮಾದಲ್ಲಿ ಹೀಗೆ ತೋರಿಸಿದ್ರೆ 'ಬಿಡಪ್ಪ, ಡೈರೆಕ್ಟರ್ ಜಾಸ್ತಿ ಮಾಡ್ದ' ಅಂತ ನಾವೇ ಬೈತಿದ್ವಿ.

ಫೈನಲ್‌ಗೆ ಬಂದಿದ್ದು ಎರಡು ಸಣ್ಣ ಊರುಗಳು, ಸಿರಾಕ್ಯೂಸ್ ಮತ್ತು ಫೋರ್ಟ್ ವೇಯ್ನ್. ಏಳು ಪಂದ್ಯಗಳ ಸರಣಿ. ಮೊದಲೆರಡನ್ನ ಸಿರಾಕ್ಯೂಸ್ ತನ್ನೂರಲ್ಲಿ ಗೆದ್ದಿತು. ಮುಂದಿನ ಮೂರು ಫೋರ್ಟ್ ವೇಯ್ನ್‌ನಲ್ಲಿ ಆಗಬೇಕಿತ್ತು. ಆದರೆ ಅಲ್ಲಿನ ಸ್ಟೇಡಿಯಂ ಮೊದಲೇ ಬುಕ್ ಆಗಿತ್ತು. ಯಾವುದಕ್ಕೆ? ಬೌಲಿಂಗ್ ಟೂರ್ನಮೆಂಟಿಗೆ! ಪಿಸ್ಟನ್ಸ್ ತನ್ನ 'ತವರಿನ' ಪಂದ್ಯಗಳನ್ನ ಇಂಡಿಯಾನಾಪೊಲಿಸ್‌ಗೆ ಹೋಗಿ ಆಡಬೇಕಾಯಿತು. ಎದುರಾಳಿ ತಂಡದ ಮಾಲೀಕ ಬೌಲಿಂಗ್ ಸೆಂಟರಿನವನು. ಆದರೂ ಫೋರ್ಟ್ ವೇಯ್ನ್ ಮೂರನ್ನೂ ಗೆದ್ದಿತು. ಆರನೆಯದು ಮತ್ತೆ ಸಿರಾಕ್ಯೂಸಿಗೆ. 3–3.

ಏಳನೆಯ ಪಂದ್ಯ 1955ರ ಏಪ್ರಿಲ್ 10ರಂದು, ಸಿರಾಕ್ಯೂಸಿನ ಒನಾಂಡಾಗಾ ವಾರ್ ಮೆಮೋರಿಯಲ್ ಸಭಾಂಗಣದಲ್ಲಿ. ಎರಡನೇ ಕ್ವಾರ್ಟರ್‌ನಲ್ಲಿ ಫೋರ್ಟ್ ವೇಯ್ನ್ 17 ಅಂಕ ಮುಂದೆ. ಇಲ್ಲೊಂದು ಕ್ಷಣ ನಿಂತು ಯೋಚಿಸಿ. ಇದೇ ಫೋರ್ಟ್ ವೇಯ್ನ್, ನಾಲ್ಕೂವರೆ ವರ್ಷದ ಹಿಂದೆ ಚೆಂಡು ಹಿಡ್ಕೊಂಡು ನಿಂತು 19–18ರಲ್ಲಿ ಗೆದ್ದ ತಂಡ. ಹಳೇ ನಿಯಮ ಇದ್ದಿದ್ರೆ 17 ಅಂಕದ ಮುನ್ನಡೆ ಇಟ್ಟುಕೊಂಡು ಏನು ಮಾಡ್ತಿತ್ತು ಅಂತ ಹೇಳಬೇಕಾ? ಆದರೆ ಈಗ ಪ್ರತಿ 24 ಸೆಕೆಂಡಿಗೂ ಎಸೆಯಲೇಬೇಕು. ಎಸೆದರು, ತಪ್ಪಿದರು. ಸಿರಾಕ್ಯೂಸ್ ಒಂದೊಂದೇ ಅಂಕ ಕೂಡಿಸುತ್ತಾ ಬಂದು ಕೊನೆಗೆ 91–91. ಹನ್ನೆರಡು ಸೆಕೆಂಡ್ ಉಳಿದಾಗ ಜಾರ್ಜ್ ಕಿಂಗ್ ಒಂದು ಫ್ರೀ ಥ್ರೋ ಹಾಕಿ 92 ಮಾಡಿದ. ಮರುಗಳಿಗೆ ಎದುರಾಳಿಯ ಕೈಯಿಂದ ಚೆಂಡನ್ನೂ ಕಸಿದುಕೊಂಡ. 92–91.

ತಂಡ ತಾನು ಕೊಟ್ಟ ನಿಯಮದಿಂದಲೇ ಗೆದ್ದಿತು.

ಆ ಚಾಂಪಿಯನ್ ತಂಡದಲ್ಲಿ ಅರ್ಲ್ ಲಾಯ್ಡ್ ಇದ್ದ. 1950ರ ಅಕ್ಟೋಬರ್ 31ರಂದು ವಾಷಿಂಗ್ಟನ್ ತಂಡದ ಪರ ಅಂಗಳಕ್ಕಿಳಿದು, ಎನ್‌ಬಿಎಯಲ್ಲಿ ಆಡಿದ ಮೊದಲ ಕಪ್ಪು ವರ್ಣೀಯ ಆಟಗಾರ ಅನ್ನಿಸಿಕೊಂಡವನು. ಆ ತಂಡ ಮುಚ್ಚಿದ ಮೇಲೆ, ಸೈನ್ಯದ ಸೇವೆಯನ್ನೂ ಮುಗಿಸಿ ಸಿರಾಕ್ಯೂಸಿಗೆ ಬಂದ. ಅವನೂ ಜಿಮ್ ಟಕರ್ ಅನ್ನೋ ಇನ್ನೊಬ್ಬನೂ ಎನ್‌ಬಿಎ ಚಾಂಪಿಯನ್ ತಂಡದಲ್ಲಿದ್ದ ಮೊದಲ ಕಪ್ಪು ಆಟಗಾರರು. ಕೆಲವು ಊರುಗಳಲ್ಲಿ ತಂಡದವರ ಜೊತೆ ಒಂದೇ ಹೋಟೆಲಲ್ಲಿ ಉಳಿಯೋಕೂ, ಊಟಕ್ಕೆ ಕೂರೋಕೂ ಬಿಡದ ಕಾಲ ಅದು. ಆಟದ ಗಡಿಯಾರಕ್ಕಿಂತ ಬಹಳ ನಿಧಾನವಾಗಿ ಓಡುವ ಗಡಿಯಾರಗಳೂ ಇರ್ತವೆ.

ಗೆದ್ದ ಮೇಲೆ ಏನಾಯ್ತು?

ಆಟ ಚೆನ್ನಾಯಿತು. ಟಿವಿಯಲ್ಲಿ ತೋರಿಸುವ ಹಾಗಾಯಿತು. ಟಿವಿ ಬಂದ ಮೇಲೆ ದುಡ್ಡಿನ ಲೆಕ್ಕ ಬದಲಾಯಿತು. ಎಂಟು ಸಾವಿರ ಸೀಟಿನ ಸಭಾಂಗಣ ತುಂಬಿತಾ ಅನ್ನೋದಲ್ಲ, ಆ ನಗರದಲ್ಲಿ ಎಷ್ಟು ಲಕ್ಷ ಮನೆಗಳಿವೆ ಅನ್ನೋದು ಮುಖ್ಯವಾಯಿತು. 1950ರ ದಶಕದ ಕೊನೆಗೆ ಜೆಟ್ ವಿಮಾನ ಬಂತು, ಅಮೆರಿಕದ ಆ ತುದಿಯ ನಗರಗಳೂ ಹತ್ತಿರವಾದವು. ಸಣ್ಣ ಊರುಗಳು ಮೂಟೆ ಕಟ್ಟೋಕೆ ಶುರು ಮಾಡಿದವು. 1957ರಲ್ಲಿ ಫೋರ್ಟ್ ವೇಯ್ನ್ ಪಿಸ್ಟನ್ಸ್ ಡೆಟ್ರಾಯಿಟ್‌ಗೆ ಹೋಯ್ತು. ಕಾರು ತಯಾರಿಸುವ ನಗರಕ್ಕೆ ಪಿಸ್ಟನ್ ಅನ್ನೋ ಹೆಸರು ಎಷ್ಟು ಹೊಂದಿತು ಅಂದ್ರೆ, ಅದು ಅಲ್ಲೇ ಹುಟ್ಟಿದ್ದು ಅಂತ ಎಲ್ಲರೂ ಅಂದ್ಕೊಂಡರು. ಅದೇ ವರ್ಷ ರಾಚೆಸ್ಟರ್ ರಾಯಲ್ಸ್ ಸಿನ್ಸಿನಾಟಿಗೆ ಹೋಯ್ತು. 1960ರಲ್ಲಿ ಮಿನಿಯಾಪೊಲಿಸ್ ಲೇಕರ್ಸ್ ಲಾಸ್ ಏಂಜಲೀಸ್‌ಗೆ ಹೊರಟಿತು. ಸರೋವರಗಳ ನಾಡಿನ ತಂಡ ಅಂತ ಇಟ್ಟ ಹೆಸರನ್ನ ಒಣ ನೆಲಕ್ಕೆ ಹೊತ್ತುಕೊಂಡು ಹೋಯಿತು.

ಸಿರಾಕ್ಯೂಸ್ ಕೊನೆಯವರೆಗೂ ನಿಂತಿತು. ಎನ್‌ಬಿಎಯಲ್ಲಿ ಆಡಿದ ಹದಿನಾಲ್ಕು ಸೀಸನ್ನಿನಲ್ಲಿ ಒಂದರಲ್ಲೂ ಪ್ಲೇ ಆಫ್ ತಪ್ಪಿಸಲಿಲ್ಲ. ಹಾಗಾಗಿ 'ಚೆನ್ನಾಗಿ ಆಡ್ಲಿಲ್ಲ, ಅದಕ್ಕೇ ಹೋಯ್ತು' ಅಂತ ಯಾರೂ ಹೇಳೋ ಹಾಗಿಲ್ಲ. 1963ರ ಪ್ಲೇ ಆಫ್‌ನಲ್ಲಿ 3–2ರಿಂದ ಸೋತದ್ದೇ ಅದರ ಕೊನೆಯ ಸರಣಿ. ಸೋಲಿಸಿದ್ದು ಸಿನ್ಸಿನಾಟಿ ರಾಯಲ್ಸ್. ಅಂದ್ರೆ, ಬಿಯಾಸೋನ್ ಸಿಟ್ಟಿಗೆದ್ದು ತಂಡ ಕಟ್ಟುವಂತೆ ಮಾಡಿದ್ದ ಅದೇ ಹಳೇ ರಾಚೆಸ್ಟರ್ ತಂಡ.

ಅದಕ್ಕೂ ಒಂದು ವರ್ಷದ ಹಿಂದೆ ಫಿಲಡೆಲ್ಫಿಯಾ ನಗರದ ವಾರಿಯರ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿತ್ತು. ಅಷ್ಟು ದೊಡ್ಡ ನಗರ ತಂಡವಿಲ್ಲದೆ ಖಾಲಿ ಕೂತಿತ್ತು. ಅಲ್ಲಿನ ಇಬ್ಬರು ಬಂದು ಕೇಳಿದರು, ಬಿಯಾಸೋನ್ ಮಾರಿದ. ನ್ಯಾಷನಲ್ಸ್ ಹೋಗಿ ಸೆವೆಂಟಿ ಸಿಕ್ಸರ್ಸ್ ಆಯಿತು. ಹಿಮದ ಊರಲ್ಲಿ ಹದಿನೈದು ವರ್ಷ ಆಡಿದ್ದ ಡಾಲ್ಫ್ ಶೇಯ್ಸ್ ಆಟಗಾರನೂ ಕೋಚೂ ಆಗಿ ತಂಡದ ಜೊತೆಗೇ ಹೋದ. ವರ್ಷಾನುಗಟ್ಟಲೆ ಸಿರಾಕ್ಯೂಸನ್ನ ಬದ್ಧವೈರಿ ಅಂತ ಬೈದಿದ್ದ ಫಿಲಡೆಲ್ಫಿಯಾ ಜನಕ್ಕೆ ಈ ಮಗುವನ್ನ ತಮ್ಮದು ಅಂತ ಎತ್ತಿಕೊಳ್ಳೋಕೆ ಸ್ವಲ್ಪ ಕಾಲ ಹಿಡಿಯಿತು.

ಇಲ್ಲಿ ಯಾರನ್ನ ಬೈಯೋಣ? ಮೊದಮೊದಲು ಈ ಕಥೆ ಓದಿದಾಗ ನನಗೆ ಮಹಾನಗರಗಳ ಮೇಲೆ ಸಿಟ್ಟು ಬಂದಿತ್ತು. ಆಮೇಲೆ ಕೂತು ಯೋಚಿಸಿದೆ. ಮಾರಿದವನು ಬಿಯಾಸೋನ್ ತಾನೇ. ಗಡಿಯಾರ ತರದೆ ಇದ್ದಿದ್ರೆ ಸಿರಾಕ್ಯೂಸಿಗೆ ತಂಡ ಉಳೀತಿತ್ತಾ? ಬಹುಶಃ ಲೀಗೇ ಉಳೀತಿರಲಿಲ್ಲ. ನ್ಯೂಯಾರ್ಕಿಗಿಂತ ಜಾಸ್ತಿ ಸಂಬಳ ಕೊಟ್ಟು ಶೇಯ್ಸ್‌ನನ್ನ ಎಳೆದುಕೊಂಡು ಬಂದಾಗ ಸಿರಾಕ್ಯೂಸ್ ಮಾಡಿದ್ದೂ ಅದೇ ವ್ಯವಹಾರ. ದುಡ್ಡು ಆಗ ಈ ಕಡೆ ಹರಿಯಿತು, ಆಮೇಲೆ ಆ ಕಡೆ. ಆದರೂ ಒಂದು ಮಾತು ಮನಸ್ಸಲ್ಲಿ ಉಳೀತು. ಒಂದು ಊರು ತನ್ನ ಕಷ್ಟಕ್ಕೆ ಅಂತ ಹುಡುಕಿಕೊಂಡ ದಾರಿ ಎಲ್ಲರ ದಾರಿ ಆಗುತ್ತೆ, ಹುಡುಕಿದ ಊರು ಮಾತ್ರ ಆ ದಾರಿಯ ಬದಿಯಲ್ಲಿ ಉಳಿಯುತ್ತೆ. ಇದರಲ್ಲಿ ಮೋಸ ಇಲ್ಲ. ಮೋಸ ಇಲ್ಲದಿರೋದೇ ಬೇಜಾರು, ಬೈಯೋಕೆ ಯಾರೂ ಸಿಗಲ್ಲ.

24 ಮಾತ್ರ ನಿಲ್ಲದೆ ನಡೆಯಿತು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ 1956ರಲ್ಲಿ 30 ಸೆಕೆಂಡಿನ ಮಿತಿ ತಂದು, 2000ದಲ್ಲಿ ತಾನೂ 24ಕ್ಕೆ ಬಂತು. 2017ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮಹಿಳೆಯರ ಏಷ್ಯಾ ಕಪ್ ನಡೆದಾಗ ಕಂಠೀರವದ ಬುಟ್ಟಿಗಳ ಮೇಲೆ ಓಡಿದ್ದೂ ಅದೇ ಲೆಕ್ಕ. ಬಿಯಾಸೋನ್ 1992ರಲ್ಲಿ ತೀರಿಕೊಂಡ. ಅದಾಗಿ ಎಂಟು ವರ್ಷಕ್ಕೆ, 2000ದಲ್ಲಿ, ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅವನ ಹೆಸರನ್ನ ಸೇರಿಸಿಕೊಂಡಿತು. 2005ರಲ್ಲಿ ಸಿರಾಕ್ಯೂಸಿನ ಆರ್ಮರಿ ಸ್ಕ್ವೇರ್ ಅನ್ನೋ ಜಾಗದಲ್ಲಿ ಶಾಟ್ ಕ್ಲಾಕ್‌ನ ಸ್ಮಾರಕ ನಿಲ್ಲಿಸಿದರು. ಹಳೇ ಗಡಿಯಾರದ್ದೇ ಪ್ರತಿರೂಪ. ಆ ಊರಿಗೆ ಎನ್‌ಬಿಎ ತಂಡ ಮತ್ತೆ ಬರಲಿಲ್ಲ.

ಹೋದ ವರ್ಷ ಊರ ಹಬ್ಬಕ್ಕೆ ಹೋಗಿದ್ದೆ. ಕಬಡ್ಡಿಗೆ ಅಂಗಳ ಸಿದ್ಧವಾಗಿತ್ತು, ಸುಣ್ಣದ ಗೆರೆ ಹಾಕಿದ್ದರು. ನಮ್ಮ ಕೇರಿ ತಂಡಕ್ಕೆ ಏಳು ಜನ ಆಗಲಿಲ್ಲ. ಊರಲ್ಲೇ ಇರೋರು ನಾಲ್ಕು ಜನ, ಮಿಕ್ಕವರೆಲ್ಲ ಬೆಂಗಳೂರಿಂದ ಬರಬೇಕು. ಒಬ್ಬನಿಗೆ ರಜೆ ಸಿಕ್ಕಿರಲಿಲ್ಲ. "ನೀನೇ ಇಳಿಯೋ, ಎಷ್ಟು ದಿನ ಆಯ್ತು" ಅಂತ ದೊಡ್ಡಪ್ಪ ಪ್ಯಾಂಟ್ ಮಡಚಿಸಿ ದೂಡಿದರು. ಎರಡನೇ ರೈಡ್‌ಗೇ ಔಟಾದೆ. ಸೋತ್ವಿ. ರಾತ್ರಿ ಹನ್ನೊಂದರ ಬಸ್ಸಿಗೆ ಹತ್ತಿಸೋಕೆ ಬಂದ ದೊಡ್ಡಪ್ಪ, "ಮುಂದಿನ ವರ್ಷ ಇಬ್ಬರು ಜಾಸ್ತಿ ಕರ್ಕೊಂಡು ಬಾ" ಅಂದರು. ಹೂಂ ಅಂದೆ. ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇತ್ತು.

ಆ ಜೆರ್ಸಿ ಹುಡುಗ ಕೋರ್ಟಲ್ಲಿ ಮತ್ತೆ ಸಿಕ್ತಾನೆ. ಈ ಸಲ ಅವನನ್ನ ಹಿಡಿದು ಕೂರಿಸಿ ಸಿರಾಕ್ಯೂಸ್ ಅನ್ನೋ ಹೆಸರನ್ನ ಹೇಳಬೇಕು. ಅವನೂ ಹಾವೇರಿ ಕಡೆಯ ಹಳ್ಳಿಯಿಂದ ಬಂದವನು. ಜಾಸ್ತಿ ಬಿಡಿಸಿ ಹೇಳೋದು ಬೇಕಾಗಲ್ಲ ಅನ್ಸುತ್ತೆ.